ಎಷ್ಟು ಕ್ರೇಟು ಅಲ್ಲ, ಯಾವ ಕ್ರೇಟು

ನಮ್ಮ ಮನೆಗಳಲ್ಲಿ ಸ್ಟೀಲ್ ಪಾತ್ರೆಯ ಮೇಲೆ ಹೆಸರು ಕೆತ್ತಿಸುತ್ತಾರೆ, ಪಾಯಸ ಹಾಕಿ ಕೊಟ್ಟ ಡಬ್ಬಿ ವಾಪಸ್ ಬರಲಿ ಅಂತ. ಆ ಹೆಸರಿನಿಂದ ಡಬ್ಬಿ ಯಾರದ್ದು ಅಂತ ತಿಳಿಯುತ್ತದೆ. ಒಂದೇ ಹೆಸರಿನ ಹನ್ನೆರಡು ಲೋಟಗಳಲ್ಲಿ ಕಾಣೆಯಾದದ್ದು ಯಾರ ಮನೆಗೆ ಹೋಗಿತ್ತು ಅಂತ ತಿಳಿಯುವುದಿಲ್ಲ.

ಪುಣೆ ಹತ್ತಿರದ ಚಾಕಣದಲ್ಲಿ ವಾಹನದ ಬಿಡಿಭಾಗಗಳ ಕಾರ್ಖಾನೆಯೊಂದಕ್ಕೆ ಸಾಫ್ಟ್‌ವೇರ್ ಹಾಕಲು ಹೋದಾಗ ಕಂಡದ್ದೂ ಇದೇ ತೊಂದರೆ. ನೀಲಿ ಪ್ಲಾಸ್ಟಿಕ್ ಕ್ರೇಟುಗಳು ಸಪ್ಲೈಯರ್‌ಗಳಿಂದ ಮಾಲು ತುಂಬಿಕೊಂಡು ಬರುತ್ತವೆ, ಖಾಲಿಯಾಗಿ ಹಿಂದಿರುಗುತ್ತವೆ. ಗೇಟಿನಲ್ಲಿ ಎಣಿಸಿ ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು. ತಿಂಗಳ ಕೊನೆಗೆ ಲೆಕ್ಕ ತಾಳೆಯಾಗದಿದ್ದರೆ ಗುತ್ತಿಗೆದಾರನ ಬಿಲ್ಲಿನಲ್ಲಿ ಕಡಿತ. ಆತ ಅದನ್ನು ಗೇಟಿನವರ ಸಂಬಳದಲ್ಲಿ ಹಿಡಿಯುತ್ತಿದ್ದ. ಗೇಟಿನಲ್ಲಿದ್ದವರು ವಿಜಯಪುರದ ಕಡೆಯವರು, ನನಗಿಂತ ಹಿರಿಯರು. ನಾನೂ ಕನ್ನಡದವನೆಂದು ತಿಳಿದ ಮೇಲೆ ಹೇಳಿದರು: "ಎಣಸಾಂವ ನಾ ರೀ ಸರ, ಒಯ್ಯಾಂವ ಇನ್ನೊಬ್ಬ. ಪಗಾರ ಮಾತ್ರ ನಂದ ಕಟ್ ಆಗತೈತಿ."

ಪ್ರತಿ ಕ್ರೇಟಿಗೂ ತನ್ನದೇ ನಂಬರು ಕೊಡಬೇಕಿತ್ತು. ಮ್ಯಾನೇಜರರಿಗೆ ಆರ್‌ಎಫ್‌ಐಡಿ ಮೇಲೆ ಆಸೆ. ಫಾಸ್ಟ್ಯಾಗ್ ಇರುವುದೂ ಅದೇ: ಬ್ಯಾಟರಿ ಇಲ್ಲ, ರೀಡರ್ ಕಳಿಸುವ ರೇಡಿಯೋ ಅಲೆಯಿಂದಲೇ ಶಕ್ತಿ ಪಡೆದು ಟ್ಯಾಗು ತನ್ನ ನಂಬರು ಹೇಳುತ್ತದೆ. ಟ್ರಯಲ್‌ನಲ್ಲಿ ಖಾಲಿ ಕ್ರೇಟುಗಳನ್ನು ಚೆನ್ನಾಗಿಯೇ ಓದಿತು. ಕಬ್ಬಿಣದ ಭಾಗ ತುಂಬಿದ ಕ್ರೇಟುಗಳ ರಾಶಿ ಬಂದಾಗ ನಡುವಿನವು ಕಾಣಲೇ ಇಲ್ಲ, ಲೋಹ ಆ ಅಲೆಗಳನ್ನು ತಡೆಯುತ್ತದೆ. ಕೊನೆಗೆ ಹೊರಗೆ ಹೋಗುವ ಖಾಲಿಗೆ ಆರ್‌ಎಫ್‌ಐಡಿ, ಒಳಗೆ ಬರುವ ತುಂಬಿದ್ದಕ್ಕೆ ಬಾರ್‌ಕೋಡ್. ಎಣ್ಣೆ ಮೆತ್ತಿ ಒಂದು ಲೇಬಲ್ ಕೆಟ್ಟರೂ ಇನ್ನೊಂದಿರಲಿ ಅಂತ ಎರಡೂ ಬದಿಗೆ ಅಂಟಿಸಿದೆವು.

ಆ ನಂಬರಿನಲ್ಲೇ ಪಾರ್ಟ್ ಕೋಡ್ ಸೇರಿಸಿ ಅಂದರು ಸ್ಟೋರ್ಸಿನವರು. ನಾನು ಒಪ್ಪಲಿಲ್ಲ. ಇವತ್ತು ಬೋಲ್ಟ್ ಹೊತ್ತ ಕ್ರೇಟು ನಾಳೆ ಬೇರಿಂಗ್ ಹೊರುತ್ತದೆ. (ನ್ಹಾವಾ ಶೇವಾ ಕಡೆ ಹೋಗುವ ಮುಂಬೈನವರು ಹಡಗಿನ ಕಂಟೈನರ್ ನೋಡಿ: ನಾಲ್ಕು ಅಕ್ಷರ, ಆರು ಅಂಕಿ, ಬರೆಯುವಾಗಿನ ತಪ್ಪು ಹಿಡಿಯಲು ಕೊನೆಗೊಂದು ಅಂಕಿ. ಒಳಗೇನಿದೆ ಎಂಬ ಸುಳಿವೂ ಅದರಲ್ಲಿಲ್ಲ.) ತುಂಬಿದಾಗ ಕ್ರೇಟಿಗೂ ಮಾಲಿಗೂ ದಾಖಲೆಯಲ್ಲಿ ಗಂಟು ಹಾಕಬೇಕು, ಖಾಲಿಯಾದಾಗ ಬಿಚ್ಚಬೇಕು. ಬಿಚ್ಚುವುದನ್ನು ಎಲ್ಲರೂ ಮರೆಯುತ್ತಾರೆ. ಖಾಲಿ ಕ್ರೇಟು ಕಂಪ್ಯೂಟರಿನಲ್ಲಿ ತುಂಬಿಕೊಂಡೇ ಕೂತಿರುತ್ತದೆ. ಹಾಗಾಗಿ ಖಾಲಿಯಾದದ್ದು ಗೇಟು ದಾಟಿದರೆ ಗಂಟು ತಾನೇ ಬಿಚ್ಚಿಕೊಳ್ಳುವಂತೆ ಮಾಡಿದೆ.

ಮೂರನೇ ತಿಂಗಳಲ್ಲಿ, ಹೊರಗೆ ಹೋಗಿ 30 ದಿನ ದಾಟಿದ ಕ್ರೇಟುಗಳ ಪಟ್ಟಿ ತೆಗೆದೆವು. ಹೆಚ್ಚಿನವು ಒಬ್ಬನೇ ಸಪ್ಲೈಯರ್ ಹತ್ತಿರ! ತನ್ನ ಶೆಡ್ಡಿನಲ್ಲಿ ಸಾಮಾನಿಡಲು ಬಳಸುತ್ತಿದ್ದ. ಟೆಂಪೋ ತುಂಬ ವಾಪಸ್ ಬಂದವು. ಸಂಬಳದ ಕಡಿತವೂ ನಿಂತಿತು.

"ಹಿಂದಿಂದು ಹೆಂಗ್ರೀ ಸರ?" ಅಂತ ಅವರು ಕೇಳಿದರು. ಹಳೆಯ ರಿಜಿಸ್ಟರುಗಳಲ್ಲಿ ಇರುವುದು ಎಣಿಕೆ ಮಾತ್ರ, ಯಾವ ಕ್ರೇಟು ಯಾರಿಗೆ ಹೋಯಿತೆಂದು ಇಲ್ಲ. ಆದರೂ ಆ ಸಪ್ಲೈಯರಿನ ಪಟ್ಟಿ ಲಗತ್ತಿಸಿ, ಕಡಿದ ಹಣ ಹಿಂದಿರುಗಿಸಿ ಎಂದು ಮೇಲ್ ಬರೆದಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.