ಪರದೇಶದಲ್ಲಿ ಸಂಕಲ್ಪ

ಸಂಕಲ್ಪದಲ್ಲಿ ದೇಶಕಾಲಗಳನ್ನು ಉಚ್ಚರಿಸಬೇಕೆಂಬುದು ವಿಧಿ. ನಮ್ಮ ಕಡೆ ಗೋದಾವರಿಯ ದಕ್ಷಿಣತೀರವೆಂದು ಹೇಳುವುದು ವಾಡಿಕೆ. ಆದರೆ ನಮ್ಮ ಮಗನಿರುವುದು ಸಿಂಗಪುರದಲ್ಲಿ. ಭೂಮಧ್ಯರೇಖೆಗೆ ಸುಮಾರು ಒಂದೇ ಅಂಶ ಉತ್ತರಕ್ಕಿರುವ ಆ ದ್ವೀಪದಲ್ಲಿ ವರ್ಷವೆಲ್ಲ ಹಗಲು ಸುಮಾರು 12 ಗಂಟೆ, ವರ್ಷವೆಲ್ಲ ಸೆಕೆ. ಗೋದಾವರಿಯ ಮಾತಿರಲಿ, ವಸಂತವೇ ಅಲ್ಲಿಲ್ಲ.

ಆತನಿಗೆ ಬಿಡುವೆಂದರೆ ಭಾನುವಾರ. ನಾವು ಹೋಗಿದ್ದಾಗ ಅಂದು ಬೆಳಗ್ಗೆ ತಪ್ಪದೆ, 1859ರಲ್ಲಿ ಸ್ಥಾಪಿತವಾದ ಸಸ್ಯೋದ್ಯಾನಕ್ಕೆ ಕರೆದೊಯ್ಯುತ್ತಿದ್ದನು. ಮೊಮ್ಮಗಳು ಹುಲ್ಲಿನ ಮೇಲೆ ಓಡಾಡುವಳು, ಇವನೋ ಗಡಿಯಾರವನ್ನು ನೋಡಿ, ಎರಡೂವರೆ ಗಂಟೆ ಕಳೆದು, “ಊರಿನಲ್ಲೀಗ ಆರೂವರೆ, ಅಮ್ಮ ಹೂ ಬಿಡಿಸುತ್ತಿರಬೇಕು” ಎನ್ನುವನು. ವಿಹಾರಕ್ಕೆಂದು ಬಂದವನ ಮನಸ್ಸು ವಿಹರಿಸುತ್ತಿದ್ದುದು ನಮ್ಮ ಹಿತ್ತಲಿನಲ್ಲಿ!

ಯುಗಾದಿಯಂದು ಪೂಜೆಗೆ ಕುಳಿತವನು, “ಅಪ್ಪಾ, ಇಲ್ಲಿ ಏನೆಂದು ಹೇಳಲಿ?” ಎಂದು ಕೇಳಿದನು. ನಿಂತ ನೆಲವನ್ನು ಮರೆಮಾಚಿ ದೇವರ ಮುಂದೆ ಕೂರುವುದು ನಮಗೆ ಒಪ್ಪಿಗೆಯಿಲ್ಲ. ಊರಿನ ಹೆಸರೇ ಸಿಂಹಪುರವೆಂಬ ಸಂಸ್ಕೃತಪದದಿಂದ ಬಂದುದು. ಸಪ್ತಮೀ ವಿಭಕ್ತಿಯಲ್ಲಿ ಅದನ್ನೇ ಹೇಳೆಂದೆವು. ಋತುವನ್ನು ಮಾತ್ರ ಪಂಚಾಂಗದಂತೆ ವಸಂತವೆಂದೇ ಉಳಿಸಿಕೊಂಡೆವು. ತನ್ನ ಊರಿನ ಹೆಸರು ಮಂತ್ರದಲ್ಲಿ ಬಂದಿತೆಂದು ಮೊಮ್ಮಗಳು ಕೈತಟ್ಟಿದಳು. ಮಗನು “ಸಿಂಹಪುರೇ” ಎಂದವನು ಕ್ಷಣಕಾಲ ತಡೆದು, ಮೆಲುದನಿಯಲ್ಲಿ ಗೋದಾವರಿಯನ್ನೂ ಸೇರಿಸಿದನು.

ನಾವು ತಿದ್ದಲಿಲ್ಲ.