‘ಟಕ್’ ಅನ್ನೋ ಜೀಪು, ಚಾರ್ಮಾಡಿ ದಾರಿ

ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಗಿನ ಜಾವ ಮೂಡಿಗೆರೆ. ಅಲ್ಲಿಂದ ಕೊಟ್ಟಿಗೆಹಾರದ ಕಡೆ ಹೊರಟರೆ ಎರಡೂ ಪಕ್ಕ ಕಾಫಿ ತೋಟ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಮಂಜು. ಪ್ರತಿ ಸಲ ಇದನ್ನೆಲ್ಲ ಕಣ್ತುಂಬಿಕೊಳ್ತಾ ಮನೆಗೆ ಹೋಗೋನು ನಾನು. ಈ ಸಲ ಆಗಲಿಲ್ಲ. ಬಸ್ ಸ್ಟ್ಯಾಂಡಿಗೆ ಜೀಪು ತಂದಿದ್ದ ಅಪ್ಪ ಕ್ಲಚ್ ಬಿಟ್ಟ ಕೂಡಲೇ ಸೀಟಿನ ಕೆಳಗಿಂದ ‘ಟಕ್’ ಅಂತ ಶಬ್ದ ಬಂತು.

“ಎಷ್ಟು ದಿನದಿಂದ ಅಪ್ಪ?”

“ಮಳೆ ಶುರುವಾದಾಗಿಂದ. ಭಾನುವಾರ ಒಬ್ರು ನೋಡೋಕೆ ಬರ್ತಾರೆ. ಕೊಟ್ಟುಬಿಡೋಣ ಅಂತ.”

1997ರ ಮಾಡೆಲ್ ಜೀಪದು, ನನಗಿಂತ ಎರಡು ವರ್ಷ ಚಿಕ್ಕದು. ಡಾಂಬರು ಮುಗಿದ ಮೇಲೆ ನಮ್ಮ ಮನೆಗೆ ಮೂರು ಕಿಲೋಮೀಟರ್ ಮಣ್ಣು ದಾರಿ. ಮಳೆಗಾಲದಲ್ಲಿ ಕಾರು ಮೊದಲ ಏರಿನಲ್ಲೇ ನಿಂತುಬಿಡುತ್ತೆ. ಅಜ್ಜಿಗೆ ಉಸಿರು ಕಟ್ಟಿದ ರಾತ್ರಿ ಆಸ್ಪತ್ರೆ ಮುಟ್ಟಿಸಿದ್ದು ಇದೇ ಜೀಪು. ಪೇಟೆಯ ಒಂದು ಗ್ಯಾರೇಜಿನಲ್ಲಿ ಕೆಳಗೆ ಬಗ್ಗಿಯೂ ನೋಡದೆ ‘ಕ್ರೌನ್ ಪಿನಿಯನ್ ಹೋಗಿದೆ, ಪೂರ್ತಿ ಹಾಕ್ಬೇಕು’ ಅಂದಿದ್ದರಂತೆ. ಖರ್ಚು ಕೇಳಿ ಅಪ್ಪ ಜೀಪಿನ ಆಸೆಯನ್ನೇ ಬಿಟ್ಟಿದ್ದರು.

ಆಫೀಸಿನಲ್ಲಿ ಬಗ್ ಬಂದರೆ ನಾವು ಮೊದಲು ಕೇಳೋದು ಒಂದೇ: ಯಾವಾಗ ಬರುತ್ತೆ, ಯಾವಾಗ ಬರಲ್ಲ? ದಾರಿಯುದ್ದಕ್ಕೂ ಅದನ್ನೇ ಗಮನಿಸಿದೆ. ಗುಂಡಿಗೆ ಇಳಿದಾಗ ಶಬ್ದ ಇಲ್ಲ, ಹಾಗಾಗಿ ಪಟ್ಟಿಯ ಬುಷ್ ಮೇಲೆ ಅನುಮಾನ ಕಡಿಮೆ. ಕ್ಲಚ್ ಒತ್ತಿ ಉರುಳಿಸಿದರೂ ಇಲ್ಲ. ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದಾಗ ಮಾತ್ರ ‘ಟಕ್’. ಅಂದರೆ ಎಂಜಿನ್ನಿನ ಎಳೆತ ಹಿಂದುಮುಂದಾದಾಗ ಎಲ್ಲೋ ಸಡಿಲ ಇರೋದು ಬಡಿದುಕೊಳ್ತಿದೆ.

ಮನೆ ಅಂಗಳದ ಸಮತಟ್ಟು ಜಾಗದಲ್ಲಿ ನಾಲ್ಕೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಟ್ಟು, ಕೀ ತೆಗೆದು, ಗೇರ್ ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಬಿಟ್ಟೆ. ಮೊದಲು ಪಟ್ಟಿಯ ಯು-ಬೋಲ್ಟ್, ಗೇರ್ ಬಾಕ್ಸ್ ಮೌಂಟಿಂಗ್ ನೋಡಿದೆ, ಬಿಗಿಯಾಗಿದ್ದವು. ಆಮೇಲೆ ಅಪ್ಪ ಹಿಂದಿನ ಪ್ರೊಪೆಲ್ಲರ್ ಶಾಫ್ಟನ್ನು ಕೈಯಲ್ಲಿ ಆಚೀಚೆ ತಿರುಗಿಸಿದರು, ನಾನು ಒಂದೊಂದೇ ಜಾಯಿಂಟ್ ಹಿಡಿದು ನೋಡಿದೆ. ಗೇರ್ ಬಾಕ್ಸ್ ಕಡೆ ಸರಿ ಇತ್ತು. ಹಿಂದಿನ ಆಕ್ಸಲ್ ಕಡೆಯ ಕ್ರಾಸ್‌ನಲ್ಲಿ ಮಾತ್ರ ಒಂದು ಬದಿ ತಿರುಗಿದ ಮೇಲೆ ಇನ್ನೊಂದು ಬದಿ ಅಲ್ಲಾಡ್ತಿತ್ತು. ಅದರ ಕಪ್‌ನ ಸುತ್ತ ಕೆಂಪು ತುಕ್ಕಿನ ಪುಡಿ. ಒಳಗಿನ ಸೂಜಿ ಬೇರಿಂಗ್ ಗ್ರೀಸಿಲ್ಲದೆ ಒಣಗಿ ಸವೆದಿತ್ತು.

ಆಗ ನನಗೆ ನಿಜಕ್ಕೂ ಹೆದರಿಕೆ ಆಯ್ತು. ನಮ್ಮ ಜೀಪಿನ ಹ್ಯಾಂಡ್ ಬ್ರೇಕ್ ಹಿಡಿಯೋದು ಚಕ್ರವನ್ನಲ್ಲ, ಗೇರ್ ಬಾಕ್ಸಿನ ಹಿಂದೆ ಇದೇ ಶಾಫ್ಟನ್ನು. ಏರಿನಲ್ಲಿ ನಿಲ್ಲಿಸಿದಾಗ ಆ ಕ್ರಾಸ್ ಮುರಿದರೆ ಹ್ಯಾಂಡ್ ಬ್ರೇಕ್ ಎಳೆದಿದ್ದರೂ ಜೀಪು ಹಿಂದಕ್ಕೆ ಹೋಗುತ್ತೆ. ಅಪ್ಪ ದಿನಾ ಆಳುಗಳನ್ನು ಕೂರಿಸಿಕೊಂಡು ಆ ಏರು ಹತ್ತುತ್ತಿದ್ದರು.

ಕೊಟ್ಟಿಗೆಹಾರದ ಹತ್ತಿರ ಸಣ್ಣ ಶೆಡ್ ಇಟ್ಟುಕೊಂಡಿರುವ ಮೆಕ್ಯಾನಿಕ್ ಅಣ್ಣ ಮರುದಿನ ಮನೆಗೇ ಬಂದರು. ಬಿಚ್ಚೋ ಮೊದಲು ಶಾಫ್ಟಿಗೂ ಫ್ಲ್ಯಾಂಜಿಗೂ ಸೇರಿಸಿ ಒಂದು ಗೆರೆ ಎಳೆದರು, ವಾಪಸ್ ಅದೇ ಜಾಗಕ್ಕೆ ಕೂರಬೇಕು, ಇಲ್ಲದಿದ್ದರೆ ನಡುಗೋಕೆ ಶುರುವಾಗುತ್ತೆ. ಹೊಸ ಕ್ರಾಸ್ ಕೂರಿಸಿ, ನಾಲ್ಕೂ ಕಪ್‌ನಿಂದ ಹೊರಗೆ ಬರೋವರೆಗೆ ಗ್ರೀಸ್ ಹೊಡೆದರು. ಶಾಫ್ಟ್ ಉದ್ದ-ಗಿಡ್ಡ ಆಗೋ ಜಾರು ಜಾಯಿಂಟಿಗೂ ಗ್ರೀಸ್ ಹೋಯಿತು. ಕ್ರೌನ್ ಪಿನಿಯನ್‌ನಲ್ಲಿ ವಯಸ್ಸಿಗೆ ತಕ್ಕ ಸ್ವಲ್ಪ ಆಟ ಇತ್ತು, ಅಷ್ಟೇ.

“ಡಾಂಬರಿನ ಮೇಲೆ ಫೋರ್ ವೀಲ್ ಹಾಕಿ ಓಡಿಸಿದ್ರಾ ಗೌಡ್ರೇ?” ಅಂತ ಅವರು ಅಪ್ಪನ್ನ ಕೇಳಿದರು.

ನಾನು ತಲೆ ತಗ್ಗಿಸಿದೆ. ಬೇಸಿಗೆಯಲ್ಲಿ ಗೆಳೆಯರ ಜೊತೆ ದೇವರಮನೆಗೆ ಹೋಗಿದ್ದಾಗ, ಸೇಫ್ ಇರಲಿ ಅಂತ ಒಣ ರಸ್ತೆಯಲ್ಲೂ ಫೋರ್ ವೀಲ್ ಹಾಕಿಯೇ ಓಡಿಸಿದ್ದೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಸುತ್ತಬೇಕು. ಈ ಜೀಪಿನಲ್ಲಿ ಫೋರ್ ವೀಲ್ ಹಾಕಿದರೆ ಎರಡೂ ಶಾಫ್ಟ್ ಒಂದೇ ವೇಗದಲ್ಲಿ ತಿರುಗಲೇಬೇಕು. ಕೆಸರಿನಲ್ಲಾದರೆ ಚಕ್ರ ಜಾರಿ ವ್ಯತ್ಯಾಸ ಸರಿಹೋಗುತ್ತೆ. ಡಾಂಬರಿನಲ್ಲಿ ಜಾರಲ್ಲ, ಆ ತಿರುಚು ಕ್ರಾಸಿಗೂ ಗೇರಿಗೂ ಬೀಳುತ್ತೆ. ಸವೆಯುತ್ತಿದ್ದ ಜಾಯಿಂಟಿಗೆ ನಾನೂ ಒಂದು ಪೆಟ್ಟು ಕೊಟ್ಟಿದ್ದೆ.

ಭಾನುವಾರ ಬೆಳಿಗ್ಗೆ ಟ್ರಯಲ್‌ಗೆ ಅಂತ ಚಾರ್ಮಾಡಿ ಘಾಟಿಗೆ ಇಳಿದೆವು. ಮಳೆ ಬಿಟ್ಟು ಬಿಟ್ಟು ಬರ್ತಿತ್ತು, ಬಂಡೆಗಳ ಮೇಲಿಂದ ಬಿಳೀ ನೀರು ರಸ್ತೆ ಪಕ್ಕಕ್ಕೇ ಬೀಳ್ತಿತ್ತು. ಅಣ್ಣಪ್ಪ ಸ್ವಾಮಿ ಗುಡಿ ಹತ್ತಿರ ನಿಲ್ಲಿಸಿ ಕೈಮುಗಿದು, ಮತ್ತೆ ಹತ್ತುವಾಗ ಪ್ರತಿ ತಿರುವಿನಲ್ಲೂ ಕಿವಿ ಕೊಟ್ಟೆ. ‘ಟಕ್’ ಇಲ್ಲ.

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುವಾಗ ಅಪ್ಪನ ಫೋನ್ ರಿಂಗಾಯ್ತು. “ಇಲ್ಲ, ಕೊಡೋದಿಲ್ಲ” ಅಂದಷ್ಟೇ ಹೇಳಿ ಇಟ್ಟರು. ಇನ್ನೊಂದು ದೋಸೆ ನನ್ನ ತಟ್ಟೆಗೆ ಹಾಕಿಸಿ, “ಮುಂದಿನ ತಿಂಗಳು ಬಾ. ಮುಂದಿನ ಶಾಫ್ಟೂ ನೋಡಬೇಕಲ್ಲ” ಅಂದರು.