ಹುಲ್ಲಹಳ್ಳಿಯಿಂದ ತಿರುಮಕೂಡಲಿಗೆ

ಮೈಸೂರಿನಿಂದ ನಂಜನಗೂಡಿಗೆ ಹೋಗುವ ಯಾತ್ರಿಕರಿಗೆ ಲೆಕ್ಕವಿಲ್ಲ. ಅಲ್ಲಿಂದ ಪಡುವಲಿಗೆ ತಿರುಗಿ ಹುಲ್ಲಹಳ್ಳಿಯವರೆಗೆ ಹೋಗುವವರು ವಿರಳ. ಇದು ನಂಜನಗೂಡು ತಾಲ್ಲೂಕಿನ ಒಂದು ಹೋಬಳಿಯ ಮುಖ್ಯ ಗ್ರಾಮ, ಕಪಿಲಾನದಿಯ ದಡದಲ್ಲಿರುವುದು. ಸರ್ಕಾರದ ಕಾಗದಗಳಲ್ಲಿ ಈ ನದಿಗೆ ಕಬಿನಿಯೆಂದು ಹೆಸರು; ಸ್ನಾನಸಂಕಲ್ಪದಲ್ಲಿ ಕಪಿಲೆ. ವಯನಾಡಿನ ಮಲೆಗಳಲ್ಲಿ ಹುಟ್ಟಿ ಹೆಗ್ಗಡದೇವನಕೋಟೆಯ ಕಾಡುಗಳನ್ನು ಹಾದು ಬರುವ ಈ ನದಿಗೆ ಇಲ್ಲಿ ಹಿಂದಿನವರು ಅಣೆಯನ್ನು ಕಟ್ಟಿ ನಾಲೆಯನ್ನು ತೆಗೆದಿದ್ದಾರೆ. ಆದುದರಿಂದ ಈ ಸೀಮೆಯು ಬತ್ತದ ಸೀಮೆಯಾಗಿ ಕಣ್ಣಿಗೆ ತಂಪಾಗಿದೆ. ನೀರನ್ನು ಹಂಚಿಕೊಂಡು ಬಾಳುವ ಊರಿನವರಿಗೆ ನೆರೆಯವನ ಗದ್ದೆಯ ಲೆಕ್ಕವೂ ತಿಳಿದಿರಬೇಕು. ಜಗಳಗಳು ಇಲ್ಲವೆಂದಲ್ಲ, ಆದರೆ ಜಗಳವಾಡಿದವನ ಮನೆಯ ಕಷ್ಟವೂ ಇಲ್ಲಿ ಗುಟ್ಟಾಗಿ ಉಳಿಯದು.

2020 ಮತ್ತು 2021ನೆಯ ವರ್ಷಗಳ ಮಹಾಮಾರಿಯಲ್ಲಿ, ತೇರು, ತೀರ್ಥ, ಪಂಕ್ತಿಭೋಜನಗಳಲ್ಲಿಯೇ ಭಕ್ತಿಯನ್ನು ಕಾಣುವ ಈ ನದೀತೀರದ ಜನರು ಒಬ್ಬರನ್ನೊಬ್ಬರು ಹೇಗೆ ಕಂಡುಕೊಂಡರೆಂಬುದನ್ನು ಅವರ ಬಾಯಿಂದಲೇ ಕೇಳಬೇಕೆಂಬ ಆಸೆ ನಮಗೆ ಬಹುದಿನಗಳಿಂದ ಇದ್ದಿತು. ಅದಕ್ಕಾಗಿಯೇ ಹುಲ್ಲಹಳ್ಳಿಯಿಂದ ಆರಂಭಿಸಿ ನದಿಯು ಹರಿಯುವ ದಿಕ್ಕಿನಲ್ಲಿಯೇ ಪ್ರಯಾಣಮಾಡಿದೆವು.

ಊರಿನ ಒಂದು ಜಗಲಿಯ ಮೇಲೆ ಎಂಬತ್ತು ದಾಟಿದ ಒಕ್ಕಲಿಗರೊಬ್ಬರು ಕುಳಿತಿದ್ದರು. ನಾವು ಬಂದ ಕಾರಣವನ್ನು ತಿಳಿಸಲು, ಅವರು ಕೊರೋನಾದ ಮಾತನ್ನು ಬಿಟ್ಟು ಮೊದಲು ಪ್ಲೇಗಿನ ಮಾತನ್ನೇ ತೆಗೆದರು. 1898ರಲ್ಲಿ ಮೈಸೂರು ಸಂಸ್ಥಾನವನ್ನು ಹೊಕ್ಕ ಆ ರೋಗವು ಅನೇಕ ವರ್ಷಗಳವರೆಗೆ ಮರಳಿ ಮರಳಿ ಬರುತ್ತಿದ್ದಿತೆಂಬುದು ವಾಚಕರಿಗೆ ತಿಳಿದಿರಬಹುದು. “ನಮ್ ತಾತ ಯೋಳೋರು ಸ್ವಾಮಿ, ಇಲಿ ಬಿತ್ತು ಅಂದ್ರೆ ಊರ್ ಬುಟ್ಟು ಹೊಲದಲ್ಲಿ ಗುಡ್ಲು ಹಾಕ್ಕಳೋರಂತೆ. ಆವಾಗ ಎಲ್ರೂ ಒಟ್ಗೆ ಹೋಗೋರು. ಈಗಿಂದು ಹಂಗಲ್ಲ, ಅವರವರ ಮನೇಲಿ ಅವರವರೇ ಇರ್ಬೇಕು. ಅದು ಕಷ್ಟ” ಎಂದರು. ಮಾರಿಯನ್ನು ಸಾಗಿಸುವ ಪದ್ಧತಿಯನ್ನೂ ಅವರೇ ನೆನಪಿಗೆ ತಂದರು. ಊರಿಗೆ ಬೇನೆ ಬಂದರೆ ಪೂಜೆಮಾಡಿ ಮಾರಿಯನ್ನು ಎಲ್ಲೆಯ ಆಚೆಗೆ ಕೊಂಡುಹೋಗಿ ಬಿಡುವುದು ನಮ್ಮ ನಾಡಿನ ಹಳೆಯ ರೂಢಿ. ಎಲ್ಲೆಯ ಆಚೆಗೆ ಇನ್ನೊಂದು ಊರಿರುವುದು ಎಂಬುದನ್ನು ಆ ಕಾಲದವರು ಯೋಚಿಸಿದರೋ ಇಲ್ಲವೋ! ಭಯವು ಹೆಚ್ಚಿದಾಗ ಮನುಷ್ಯನು ತನ್ನ ಎಲ್ಲೆಯವರೆಗೆ ಮಾತ್ರವೇ ನೋಡುತ್ತಾನೆ.

ಅನಂತರ ಅವರು ಹೇಳಿದ ಒಂದು ಸಣ್ಣ ಸಂಗತಿಯನ್ನು ಕೇಳಲೆಂದೇ ನಾವು ಅಷ್ಟು ದೂರ ಹೋದಂತಾಯಿತು. ಅವರ ಬೀದಿಯ ಹುಡುಗನೊಬ್ಬನು ಆ ವರ್ಷ ನಂಜನಗೂಡಿನಲ್ಲಿ ಕೂಲಿಗೆ ಹೋಗುತ್ತಿದ್ದನು. ಅವನ ಕೈಗೆ ಮುದ್ರೆಯನ್ನೊತ್ತಿ, ಮನೆಮಂದಿಯೆಲ್ಲ ಹದಿನಾಲ್ಕು ದಿನ ಹೊಸ್ತಿಲು ದಾಟಕೂಡದೆಂದು ಕಟ್ಟುಮಾಡಿದರು. ಮನೆಯಲ್ಲಿ ಕರೆಯುವ ಹಸುವಿದ್ದಿತು. ಎದುರು ಮನೆಯವನು ಕೊಟ್ಟಿಗೆಗೆ ಹಿಂದುಗಡೆಯಿಂದ ಬಂದು ಹಾಲನ್ನು ಕರೆದು, ಡೈರಿಗೆ ಕೊಂಡುಹೋಗಿ, ಆ ಮನೆಯವರ ಲೆಕ್ಕಕ್ಕೇ ಬರೆಯಿಸಿದನು. ಪಕ್ಕದ ಮನೆಯ ಮುದುಕಿಯು ದಿನವೂ ಮುದ್ದೆಯನ್ನೂ ಸಾರನ್ನೂ ಬೋಸಿಯಲ್ಲಿ ತಂದು ಜಗಲಿಯ ಮೇಲಿಟ್ಟು, “ಇಟ್ಟಿವ್ನಿ ಕನವ್ವ, ಬಿಸಿ ಇದ್ದಂಗೆ ಉಣ್ಣಿ” ಎಂದು ಕೂಗಿ, ಬಾಗಿಲು ತೆರೆಯುವ ಮುನ್ನವೇ ಹಿಂದಿರುಗುತ್ತಿದ್ದಳು. ಎದುರಿಗೆ ನಿಂತರೆ ಒಳಗಿನವರು ಉಪಕಾರಸ್ಮರಣೆಯನ್ನು ಮಾಡಬೇಕಾಗುವುದು. ಆ ಸಂಕೋಚವನ್ನು ಅವಳು ಅವರಿಗೆ ಕೊಡಲಿಲ್ಲ. ಮೂರನೆಯ ದಿನ ಒಳಗಿನ ಹೆಂಗಸು ಬೋಸಿಯನ್ನು ತೊಳೆದಿಟ್ಟು, ಇನ್ನು ಮುಂದೆ ಎಲೆಯಲ್ಲಿ ಕಟ್ಟಿಕೊಡಿ, ಪಾತ್ರೆ ನಿಮ್ಮ ಮನೆಗೆ ವಾಪಸು ಬರುವುದು ಬೇಡ ಎಂದಳಂತೆ. ಮುದುಕಿಯು ಬೋಸಿಯನ್ನು ತೆಗೆದುಕೊಂಡು ಹೋಗಿ, ಸೋಪು ಹಾಕಿ ಉಜ್ಜಿ ಬಿಸಿಲಿಗಿಟ್ಟು, ಮರುದಿನ ಅದರಲ್ಲಿಯೇ ಸಾರನ್ನು ತಂದಳು.

ಪಟ್ಟಣದ ವಾಚಕರಿಗೆ ಇದರಲ್ಲಿ ವಿಶೇಷವೇನೆಂದು ತೋರಬಹುದು. ಆ ಎರಡು ಮನೆಗಳು ಒಂದೇ ಜಾತಿಯವಲ್ಲ. ಹಿಂದೊಂದು ಕಾಲದಲ್ಲಿ ಒಂದು ಮನೆಯವರು ಮುಟ್ಟಿದ ಪಾತ್ರೆಯನ್ನು ಇನ್ನೊಂದು ಮನೆಯವರು ಒಳಗೆ ಸೇರಿಸುತ್ತಿರಲಿಲ್ಲ. ರೋಗದ ನೆವದಲ್ಲಿ ಆ ಹಳೆಯ ಅಭ್ಯಾಸಕ್ಕೆ ಮರಳುವುದು ಬಹು ಸುಲಭವಾಗಿದ್ದಿತು. ವೈದ್ಯರ ಮಾತೇ ಆಧಾರವಾಗಿ ಸಿಕ್ಕುತ್ತಿದ್ದಿತು. ಆ ಮುದುಕಿಯು ಸೋಂಕನ್ನು ಸೋಪಿನಿಂದ ತೊಳೆದಳು. ಬೋಸಿಯನ್ನು ಮಾತ್ರ ಬಿಡಲಿಲ್ಲ.

ನಾವು ಮಡಿಯ ಮನೆಯಲ್ಲಿ ಬೆಳೆದು ಸಂಸ್ಕೃತವನ್ನು ಓದಿದವರು. ಆಶೌಚದ ನಿಯಮಗಳನ್ನು ಬಾಲ್ಯದಲ್ಲಿಯೇ ಕೇಳಿದ್ದೆವು. ಕೊರೋನಾದ ಕಾಲದಲ್ಲಿ ನಮ್ಮವರು ಅನೇಕರು, “ನೋಡಿರಿ, ನಮ್ಮ ಹಿರಿಯರ ಮಡಿಯೇ ಸರಿ” ಎಂದು ಹೆಮ್ಮೆಪಟ್ಟುದನ್ನೂ ಕೇಳಿದೆವು. ಕೈಕಾಲು ತೊಳೆದು ಒಳಗೆ ಬರುವುದು ಒಳ್ಳೆಯದೇ ಸರಿ. ಆದರೆ ದೂರವೆಂಬುದು ಎರಡು ಬಗೆ. ತಾನು ಮೇಲೆಂದು ಇನ್ನೊಬ್ಬನನ್ನು ದೂರ ನಿಲ್ಲಿಸುವುದು ಒಂದು. ತನ್ನಿಂದ ಇನ್ನೊಬ್ಬನಿಗೆ ಕೇಡಾಗಬಾರದೆಂದು ತಾನೇ ದೂರ ಸರಿಯುವುದು ಇನ್ನೊಂದು. ಮೂರು ಮೊಳದ ಅಂತರವು ಎರಡರಲ್ಲಿಯೂ ಅಷ್ಟೇ. ಮೊದಲನೆಯದರಲ್ಲಿ ಅವಮಾನ, ಎರಡನೆಯದರಲ್ಲಿ ಮರ್ಯಾದೆ. ಹಳೆಯ ಮಡಿಯಲ್ಲಿ ಮೊದಲನೆಯದು ಎಷ್ಟು ಪಾಲಿದ್ದಿತೆಂಬುದನ್ನು ಹೆಮ್ಮೆಪಡುವವರು ನೆನೆಯುವುದಿಲ್ಲ.

ಹುಲ್ಲಹಳ್ಳಿಯಿಂದ ನಂಜನಗೂಡಿಗೆ ಬಸ್ಸಿನಲ್ಲಿ ಬಂದೆವು. ಕಪಿಲೆಯೂ ಕೌಂಡಿನಿಯೂ ಕೂಡುವ ಈ ಕ್ಷೇತ್ರವನ್ನೂ, 385 ಅಡಿ ಉದ್ದ 160 ಅಡಿ ಅಗಲದ ಶ್ರೀಕಂಠೇಶ್ವರನ ಆಲಯವನ್ನೂ, 1735ರಲ್ಲಿ ದಳವಾಯಿ ದೇವರಾಜಯ್ಯನವರು ಕಟ್ಟಿಸಿದ ಹಳೆಯ ಸೇತುವೆಯನ್ನೂ ವರ್ಣಿಸಲು ಇಲ್ಲಿ ಅವಕಾಶವಿಲ್ಲ. ಒಂದು ಐತಿಹ್ಯವನ್ನು ಮಾತ್ರ ಹೇಳುವೆವು. ಟಿಪ್ಪೂ ಸುಲ್ತಾನನ ಪಟ್ಟದಾನೆಗೆ ಹೋಗಿದ್ದ ಕಣ್ಣು ಇಲ್ಲಿಯ ಸೇವೆಯಿಂದ ಮರಳಿ ಬಂದಿತೆಂದೂ, ಸುಲ್ತಾನನು ದೇವರನ್ನು ‘ಹಕೀಂ ನಂಜುಂಡ’ನೆಂದು ಕೊಂಡಾಡಿ ಪಚ್ಚೆಯ ಲಿಂಗವನ್ನು ಒಪ್ಪಿಸಿದನೆಂದೂ ಪ್ರತೀತಿ. ವಿಷವನ್ನುಂಡ ದೇವರು ವೈದ್ಯನೂ ಆದನು. ಬೇನೆಯಾದವರು ಬಂದು ಕಪಿಲೆಯಲ್ಲಿ ಮಿಂದು ಉರುಳುಸೇವೆಮಾಡುವುದು ಇಂದಿಗೂ ಉಂಟು.

ಇಂತಹ ವೈದ್ಯನಾಥನ ಊರಿಗೇ ಮಹಾಮಾರಿಯು ಮೊದಲು ಬಡಿಯಿತು. 2020ರ ಮಾರ್ಚಿ 25ರಂದು, ಯುಗಾದಿಯ ದಿವಸವೇ, ದೇಶವೆಲ್ಲ ಬಾಗಿಲು ಹಾಕಿತು. ಆ ಸಂವತ್ಸರದ ಹೆಸರು ಶಾರ್ವರಿ. ರಾತ್ರಿಗೆ ಸಲ್ಲುವ ಮಾತು. (ಮುಂದಿನದು ಪ್ಲವ, ಎಂದರೆ ದಾಟಿಸುವ ದೋಣಿ, ಅದರಲ್ಲಿಯೇ ಎರಡನೆಯ ಅಲೆಯು ಹೆಚ್ಚು ಜನರನ್ನು ಕೊಂಡೊಯ್ದಿತು. ಹೆಸರುಗಳನ್ನು ನಂಬಿ ಕೂರಬಾರದು.) ಮಾರ್ಚಿ ಕೊನೆಯಲ್ಲಿ ಇಲ್ಲಿಯ ಔಷಧ ಕಾರ್ಖಾನೆಯೊಂದರ ನೌಕರನಿಗೆ ರೋಗವು ಕಂಡಿತು, ಕೆಲವೇ ವಾರಗಳಲ್ಲಿ ಆ ಸರಪಳಿಯಲ್ಲಿ 70ಕ್ಕೂ ಹೆಚ್ಚು ಮಂದಿ ಸಿಕ್ಕಿದರು. ಸಾವಿರಕ್ಕೂ ಮೀರಿದ ನೌಕರರನ್ನು ಪ್ರತ್ಯೇಕವಾಗಿರಿಸಲಾಯಿತು. ಊರಿಗೆ ಊರೇ ದಿಗ್ಬಂಧನವಾಯಿತು. ಮೇ ತಿಂಗಳ ನಡುವಿಗೆ ಆ ಸರಪಳಿಯ ರೋಗಿಗಳೆಲ್ಲರೂ ಗುಣವಾಗಿ ಮನೆಗೆ ಬಂದರೆಂಬುದು ಸಂತೋಷದ ಸಂಗತಿ.

ಆದರೆ ರೋಗಕ್ಕಿಂತಲೂ ಮಾತಿನ ಗಾಯವು ನಿಧಾನವಾಗಿ ಆರುವುದು. “ನಂಜನಗೂಡಿನವರು ಅಂದ್ರೆ ಸಾಕಾಗಿತ್ತು ಸಾರ್, ಅಂಗಡಿಯಲ್ಲಿ ಹಣವನ್ನೂ ಕೈಯಿಂದ ತಗೊಳ್ಳುತ್ತಿರಲಿಲ್ಲ” ಎಂದು, ಆಗ ಕಾರ್ಖಾನೆಯೊಂದರಲ್ಲಿದ್ದ ಗೃಹಸ್ಥರೊಬ್ಬರು ರಥಬೀದಿಯಲ್ಲಿ ನಮಗೆ ಹೇಳಿದರು. ಅವರ ಬಂಧುಗಳೇ ತಿಂಗಳುಗಟ್ಟಲೆ ಫೋನನ್ನೂ ಮಾಡಲಿಲ್ಲವಂತೆ. ಫೋನಿನಲ್ಲಿ ಯಾವ ಸೋಂಕು ಬರುವುದೋ ನಾವರಿಯೆವು! ಅದೇ ಸಮಯದಲ್ಲಿ, ಅದುವರೆಗೆ ನಮಸ್ಕಾರವನ್ನೂ ಮಾಡದಿದ್ದ ಎದುರುಮನೆಯ ಮುಸಲ್ಮಾನ್ ವ್ಯಾಪಾರಿಯು ದಿನವೂ ಸಂಜೆ ಬೀದಿಯ ಆಚೆಯ ಮಗ್ಗುಲಿನಲ್ಲಿ ನಿಂತು, “ಅಣ್ಣಾ, ಇವತ್ತು ಜ್ವರ ಹೇಗಿದೆ?” ಎಂದು ಕೂಗಿ ಕೇಳುತ್ತಿದ್ದನಂತೆ.

ಆ ವ್ಯಾಪಾರಿಯನ್ನೂ ನಾವು ಕಂಡೆವು. ದೆಹಲಿಯ ಒಂದು ಧಾರ್ಮಿಕ ಸಮಾವೇಶದಿಂದ ಸೋಂಕು ಹರಡಿತೆಂಬುದನ್ನು ಹಿಡಿದು ಒಂದು ಮತದ ಜನರನ್ನೆಲ್ಲ ದೂಷಿಸುವ ಮಾತುಗಳು ಆ ಬೇಸಗೆಯಲ್ಲಿ ನಾಡಿನ ತುಂಬ ಹಬ್ಬಿದ್ದುವು. ಅವನಿಗೂ ಅದು ತಟ್ಟಿತು. ಆದರೂ ಬೀದಿಯ ಹಳೆಯ ಗಿರಾಕಿಗಳು ಚೀಟಿಯನ್ನು ಕಳುಹಿಸಿ ಅವನಲ್ಲಿಯೇ ಸಾಮಾನನ್ನು ತರಿಸಿಕೊಂಡರು. ಅವನು ಯಾರಿಗೂ ಬೆಲೆಯನ್ನು ಏರಿಸಲಿಲ್ಲ. ಏಪ್ರಿಲ್-ಮೇ ತಿಂಗಳ ರಂಜಾನಿನಲ್ಲಿ ಮಸೀದಿಗಳ ಬಾಗಿಲು ಮುಚ್ಚಿದ್ದುವು. ನಮಾಜು ಮನೆಯಲ್ಲಿಯೇ ನಡೆಯಿತು. “ಹಬ್ಬದ ದಿವಸ ಅಪ್ಪಿಕೊಳ್ಳದೆ ಇರುವುದೇ ದೊಡ್ಡ ಉಪವಾಸ ಸ್ವಾಮಿ” ಎಂದು ನಕ್ಕನು.

ದೇವಾಲಯದಲ್ಲಿಯೂ ಹಾಗೆಯೇ. ಮೀನಮಾಸದ ದೊಡ್ಡ ಜಾತ್ರೆಯಲ್ಲಿ ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರರ ಐದು ತೇರುಗಳು ಹೊರಡುವುವು. ಗೌತಮರಥದ ಮಿಣಿಯನ್ನು ಹಿಡಿಯುವ ಭುಜಗಳ ನಡುವೆ ಯಾರು ಯಾವ ಕುಲದವರೆಂದು ನೋಡುವಷ್ಟು ಬಿಡುವಿರುವುದಿಲ್ಲ. 2020ರಲ್ಲಿಯೂ 2021ರಲ್ಲಿಯೂ ಆ ವೈಭವದ ರಥೋತ್ಸವವು ನಡೆಯಲಿಲ್ಲ. 2022ರಲ್ಲಿ ಮರಳಿ ನಡೆಯಿತು. 2020ರ ಜೂನ್ 8ರಿಂದ ದರ್ಶನಕ್ಕೆ ಅನುಮತಿ ದೊರೆತಾಗಲೂ ತೀರ್ಥಪ್ರಸಾದಗಳನ್ನು ಕೊಡಕೂಡದೆಂದು ನಿಯಮವಿದ್ದಿತು. ಒಬ್ಬ ಅರ್ಚಕರು ಹೇಳಿದರು: “ಪೂಜೆಗೆ ಯಾವ ಲೋಪವೂ ಬರಲಿಲ್ಲ. ಆದರೆ ಬೊಗಸೆ ಒಡ್ಡಿ ನಿಂತವರಿಗೆ ತೀರ್ಥವಿಲ್ಲ ಎನ್ನುವುದನ್ನು ನಾವು ಯಾವ ಆಗಮದಲ್ಲಿಯೂ ಓದಿರಲಿಲ್ಲ. ಒಂದು ದಿವಸ ಹಳ್ಳಿಯ ತಾಯಿಯೊಬ್ಬಳು, ‘ಬ್ಯಾಡ ಬುದ್ಧಿ, ನಿಮಗೂ ಮಕ್ಕಳವ್ರೆ’ ಎಂದು ಕೈಯನ್ನು ತಾನೇ ಹಿಂದಕ್ಕೆಳೆದುಕೊಂಡಳು. ನನಗೆ ಕಣ್ಣಲ್ಲಿ ನೀರು ಬಂದಿತು.” ಇಂತಹ ನಡತೆಗೆ ಸಂಸ್ಕೃತದಲ್ಲಿ ಆಪದ್ಧರ್ಮವೆಂಬ ಹೆಸರುಂಟು. ಆ ತಾಯಿಗೆ ಶಬ್ದವು ತಿಳಿದಿರಲಿಕ್ಕಿಲ್ಲ.

ನದಿಯೊಡನೆ ಇನ್ನೂ ಕೆಳಗೆ ಹೋದರೆ ಸುತ್ತೂರು. ಯುದ್ಧಕ್ಕೆ ನಿಂತ ಇಬ್ಬರು ಅರಸರ ನಡುವೆ ಆದಿ ಶಿವರಾತ್ರೀಶ್ವರರು ಸಂಧಿಯನ್ನು ಮಾಡಿಸಿದರೆಂದು ಇಲ್ಲಿಯ ವೀರಸಿಂಹಾಸನ ಮಠದ ಪರಂಪರೆ. ದಾಸೋಹಕ್ಕೆ ಹೆಸರಾದ ಸ್ಥಳ. ಜಾತ್ರೆಯ ಕಾಲದಲ್ಲಿ ಒಲೆಯ ಬೆಂಕಿ ಆರುವುದಿಲ್ಲ. ಎರಡು ವರ್ಷ ಇಲ್ಲಿಯೂ ಜನಸಂದಣಿಯ ಜಾತ್ರೆಯಿಲ್ಲದೆ ಹೋಯಿತು. ಸಾಲಾಗಿ ಕುಳಿತು ಉಣ್ಣುವುದೇ ಸಮಾನತೆಯ ಗುರುತಾಗಿರುವ ಕಡೆ ಸಾಲನ್ನು ಮುರಿಯುವುದು ಸಣ್ಣ ಮಾತಲ್ಲ.

ತಿರುಮಕೂಡಲು ನರಸೀಪುರವನ್ನು ತಲುಪಿದಾಗ ಹೊತ್ತು ಇಳಿದಿದ್ದಿತು. ಇಲ್ಲಿ ಕಪಿಲೆಯು ಕಾವೇರಿಯನ್ನು ಸೇರುವಳು; ಕಣ್ಣಿಗೆ ಕಾಣದ ಸ್ಫಟಿಕ ಸರೋವರವು ಮೂರನೆಯದು. ಗುಂಜಾ ನರಸಿಂಹನ ಕೈಯಲ್ಲಿ ಗುಲಗಂಜಿಯಿದೆ. ಕಾಶಿಗಿಂತ ಈ ಕ್ಷೇತ್ರವು ಒಂದು ಗುಲಗಂಜಿಯ ತೂಕ ಹೆಚ್ಚೆಂದು ಊರಿನವರ ಅಭಿಮಾನ. 1989ರಿಂದ ಮೂರು ವರ್ಷಕ್ಕೊಮ್ಮೆ ಇಲ್ಲಿ ಕುಂಭಮೇಳವು ನಡೆಯುತ್ತ ಬಂದಿದೆ. 2019ರಲ್ಲಿ ನಡೆಯಿತು, 2022ರಲ್ಲಿ ನಡೆಯಬೇಕಾದುದು ಕೊರೋನಾದ ಕಾರಣದಿಂದ ನಿಂತು, 2025ರ ಫೆಬ್ರವರಿಯಲ್ಲಿ ಮತ್ತೆ ನಡೆಯಿತು. ಆರು ವರ್ಷ ಕಾದು ಮಿಂದ ವೃದ್ಧೆಯೊಬ್ಬರು ಮೆಟ್ಟಿಲಿನ ಮೇಲೆ ಸಿಕ್ಕಿದರು. “ನೀರೇನು ಓಡಿ ಹೋಗ್ತದಾ? ನಾವೇ ಇರ್ಬೇಕಲ್ಲ” ಎಂದರು. ಅವರೊಡನೆ 2019ರಲ್ಲಿ ಮಿಂದಿದ್ದ ತಂಗಿಯು 2021ರಲ್ಲಿ ತೀರಿಕೊಂಡಳಂತೆ. ದೇಹವನ್ನು ಮನೆಗೆ ತರಲಿಲ್ಲವಂತೆ.

ಈ ಮಾತನ್ನು ಕೇಳಿದಮೇಲೆ ನಮ್ಮ ಪ್ರಯಾಣವನ್ನು ಸಂಗಮದಲ್ಲಿ ನಿಲ್ಲಿಸಲು ಮನಸ್ಸಾಗಲಿಲ್ಲ. ಮರುದಿನ ಕಾವೇರಿಯ ಜಾಡಿನಲ್ಲಿಯೇ ಇನ್ನೂ ಕೆಳಗೆ, ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಗೆ ಹೋದೆವು. ಎರಡನೆಯ ಅಲೆಯಲ್ಲಿ ಬೆಂಗಳೂರಿನ ಚಿತಾಗಾರಗಳಲ್ಲಿ ದಹನವಾದವರ ಪೈಕಿ ಐನೂರಕ್ಕೂ ಮೇಲ್ಪಟ್ಟ ಮಂದಿಯ ಅಸ್ಥಿಯನ್ನು ಕೇಳಲು ಯಾರೂ ಬರಲಿಲ್ಲ. ಭಯದಿಂದ ಬಾರದವರುಂಟು, ಆಸ್ಪತ್ರೆಯಲ್ಲಿ ತಾವೇ ಮಲಗಿದ್ದವರುಂಟು, ಮನೆಯಲ್ಲಿ ಯಾರೂ ಉಳಿಯದವರೂ ಉಂಟು. ಯಾರನ್ನೂ ನಿಂದಿಸಲಾಗದು. 2021ರ ಜೂನ್ 2ರಂದು ಸರ್ಕಾರದ ಪರವಾಗಿ ಆಗಿನ ಕಂದಾಯ ಮಂತ್ರಿಗಳಾದ ಆರ್. ಅಶೋಕರವರು ಅವನ್ನು ಇಲ್ಲಿಗೆ ತರಿಸಿ, ಪುರೋಹಿತರ ಮುಖೇನ ವಿಧಿಗಳನ್ನು ನಡೆಯಿಸಿ ಕಾವೇರಿಯಲ್ಲಿ ಬಿಟ್ಟರು. ನಾವು ರಾಜಕೀಯವನ್ನು ಬರೆಯುವವರಲ್ಲ. ಮಂತ್ರಿಗಳ ಕೆಲಸಗಳನ್ನು ಹೊಗಳುವ ಅಭ್ಯಾಸವೂ ಇಲ್ಲ. ಮಕ್ಕಳು ಮಾಡಬೇಕಾದುದನ್ನು ಪರರು ನಿಂತು ಮಾಡಿದರೆಂಬುದನ್ನು ಮಾತ್ರ ಹೇಳದೆ ಬಿಡಲಾಗದು.

ತರ್ಪಣದ ವಿಧಿಯಲ್ಲಿ ತಂದೆತಾಯಿಗಳಿಗೂ ಬಂಧುಗಳಿಗೂ ನೀರನ್ನು ಕೊಟ್ಟ ತರುವಾಯ, ಯಾರೂ ಇಲ್ಲದವರಿಗಾಗಿ ಒಂದು ಬೊಗಸೆಯನ್ನು ಬಿಡುವುದುಂಟು. ಬಾಲ್ಯದಿಂದ ಎಷ್ಟೋ ಸಲ ಆ ಮಂತ್ರವನ್ನು ಹೇಳಿದ್ದೆವು. ಆ ‘ಯಾರೂ ಇಲ್ಲದವರು’ ಯಾರೆಂದು ಎಂದೂ ವಿಚಾರಿಸಿರಲಿಲ್ಲ. ನಾವು ಹೋದಾಗ ನದಿಯಲ್ಲಿ ನೀರು ಸಾಕಷ್ಟಿದ್ದಿತು. ಆಚೆಯ ದಡದಲ್ಲಿ ಒಬ್ಬನು ಎತ್ತುಗಳ ಮೈ ತೊಳೆಯುತ್ತಿದ್ದನು. ಸ್ನಾನಮಾಡಿ, ಆ ಒಂದು ಬೊಗಸೆಯನ್ನು ಬಿಟ್ಟು, ಬಟ್ಟೆಯನ್ನು ಹಿಂಡಿಕೊಂಡು ಮಳವಳ್ಳಿಯ ಬಸ್ಸಿಗೆ ನಡೆದೆವು.